ಮೀಸಲು ತೋಟೆ

"ಗುರುಗಳೇ, ಪೇಟೆಯೆಲ್ಲ ಹುಡುಕಿ, ಗುಣ ನೋಡಿ, ಬೆಲೆ ನೋಡಿ, ಇದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯ ವಸ್ತುವನ್ನೇ ತಂದ ಮೇಲೆ ಮನುಷ್ಯ ನಿಶ್ಚಿಂತೆಯಾಗಿ ಇರಬಹುದಲ್ಲವೇ?"

ಹೀಗೆ ಕೇಳಿದವನು ಅಡವೀಶ. ಮಠದ ಔಷಧಿ ಕೋಣೆ ಅವನ ವಶದಲ್ಲಿತ್ತು. ಹಳೆಯ ತಕ್ಕಡಿಯ ಮುಳ್ಳು ಸವೆದುಹೋಗಿದೆ, ಹೊಸದೊಂದನ್ನು ತಾ ಎಂದು ಗುರುಗಳು ಅವನನ್ನು ಪೇಟೆಗೆ ಕಳಿಸಿದ್ದರು. ಅವನು ನಾಲ್ಕು ದಿನ ಪೇಟೆಯಲ್ಲಿ ಕಳೆದು, ಏಳು ಅಂಗಡಿ ಹತ್ತಿಳಿದು, ಹಿತ್ತಾಳೆಯ ಪುಟ್ಟ ತಕ್ಕಡಿಯೊಂದನ್ನು ತಂದಿದ್ದ. ಅಂದು ಬೆಳಿಗ್ಗೆ ಅದರಲ್ಲಿ ಮೊದಲ ಬಾರಿಗೆ ಔಷಧಿ ತೂಗಿ, ಮೊದಲ ಪೊಟ್ಟಣವನ್ನು ಗುರುಗಳಿಗೆಂದೇ ಎತ್ತಿಟ್ಟು, ಈಗ ತಂದು ಅವರ ಮುಂದೆ ಇಟ್ಟಿದ್ದ.

ಗುರುಗಳಿಗೆ ಎದೆನೋವು ಇತ್ತು. ಅದಕ್ಕೆ ಕೊಡುವ ಪುಡಿ ಒಂದು ಗುಲಗಂಜಿ ತೂಕ ಕಡಿಮೆಯಾದರೆ ಬೂದಿ ತಿಂದ ಹಾಗೆ. ಒಂದು ಗುಲಗಂಜಿ ಹೆಚ್ಚಾದರೆ ವಿಷ. ಆದ್ದರಿಂದ ಒಬ್ಬ ತೂಗಿದ್ದನ್ನು ಇನ್ನೊಬ್ಬ ಮತ್ತೆ ತೂಗಬೇಕು ಎಂಬುದು ಆ ಮಠದ ಹಳೆಯ ನಿಯಮ. ತಕ್ಕಡಿ ನಂಬುವಂಥದ್ದಲ್ಲವಾದ್ದರಿಂದ ಹಿಂದಿನವರು ಆ ನಿಯಮ ಮಾಡಿದರು, ಇನ್ನು ಅದು ಬೇಡ ಎಂಬುದು ಅಡವೀಶನ ವಾದ. ಆ ಬೆಳಗಿನ ಪೊಟ್ಟಣವನ್ನು ಅವನು ಒಂದೇ ಸಲ ತೂಗಿದ್ದ.

ಗುರುಗಳು ಪೊಟ್ಟಣವನ್ನು ಅಂಗೈಯಲ್ಲಿ ಇಟ್ಟುಕೊಂಡರು. ಬಿಚ್ಚಲಿಲ್ಲ. ಅಡವೀಶನಿಗೆ ಕೂರಲು ಹೇಳಿ ಕತೆ ಶುರುಮಾಡಿದರು.

ಬೆಟ್ಟದ ನಾಡಿನಲ್ಲಿ ಒಬ್ಬ ಕೋವಿಯ ತೋಟೆ ತುಂಬುವವನಿದ್ದ. ಅವನ ಹೆಸರು ನಿನಗೆ ಬೇಡ. ಹೆಸರು ಹೇಳಿದರೆ ಅದು ಬೇರೆ ಯಾರದೋ ಕತೆ ಎಂದುಕೊಂಡು ಹಾಯಾಗಿ ಕೇಳುತ್ತೀಯ.

ಆ ನಾಡಿನಲ್ಲಿ ಮನೆಗೊಂದು ಕೋವಿ. ಹಂದಿ ಓಡಿಸಲು ಕೋವಿ, ಆನೆ ಬೆದರಿಸಲು ಕೋವಿ. ಕೋವಿಗೆ ತೋಟೆ ಬೇಕಲ್ಲ. ಒಮ್ಮೆ ಹೊಡೆದ ಹಿತ್ತಾಳೆ ತೋಟೆಯನ್ನು ಯಾರೂ ಬಿಸಾಡುತ್ತಿರಲಿಲ್ಲ. ಆರಿಸಿ ತಂದು ಇವನ ಕೈಗೆ ಕೊಡುತ್ತಿದ್ದರು. ಇವನು ಅದರ ತಳಕ್ಕೆ ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಸಿಡಿಮದ್ದು ಅಳೆದು ಸುರಿದು, ಮೇಲೆ ಬಿರಡೆ ಒತ್ತಿ ತಿರುಗಿ ಕೊಡುತ್ತಿದ್ದ. ಅವನ ಅಪ್ಪನದೂ ಅದೇ ಕೆಲಸ, ಅಜ್ಜನದೂ ಅದೇ ಕೆಲಸ.

ಮದ್ದು ಅಳೆಯಲು ಅವರ ಮನೆಯಲ್ಲಿದ್ದದ್ದು ಒಂದು ಕೋಣದ ಕೊಂಬಿನ ತುಂಡು. ತುದಿ ಕೊಯ್ದು, ತಳಕ್ಕೆ ಮೇಣ ಮೆತ್ತಿದ್ದ ಕೊಂಬು. ಅದರಲ್ಲಿ ಒಮ್ಮೆ ಹೆಚ್ಚು ಬರುತ್ತಿತ್ತು, ಒಮ್ಮೆ ಕಡಿಮೆ ಬರುತ್ತಿತ್ತು. ಹಾಗಾಗಿ ಮದ್ದು ಸುರಿದ ತೋಟೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಒಂದೊಂದನ್ನೇ ಓರೆಮಾಡಿ ಬಾಯೊಳಗೆ ನೋಡಬೇಕಾಗಿತ್ತು. ಬಾಯಿ ನೋಡದೆ ಬಿರಡೆ ಹಾಕಬೇಡ ಎಂದು ಅಜ್ಜ ಅಪ್ಪನಿಗೆ ಹೇಳಿದ್ದ, ಅಪ್ಪ ಇವನಿಗೆ ಹೇಳಿದ್ದ. ಇವನು ಮೂವತ್ತು ವರ್ಷ ಹಾಗೆಯೇ ಮಾಡಿದ. ಮೂರು ತಲೆಮಾರಿನಲ್ಲಿ ಆ ಮನೆಯ ಒಂದು ತೋಟೆಯೂ ಹುಸಿಹೋಗಿರಲಿಲ್ಲ.

ಇವನ ಹೆಂಡತಿ ಸೂಲಗಿತ್ತಿ. ಅವಳ ಕೈಗುಣ ಆ ಕಣಿವೆಗೆಲ್ಲ ಗೊತ್ತಿತ್ತು. ಹೊಟ್ಟೆಯಲ್ಲಿ ಅಡ್ಡ ಮಲಗಿದ ಹನ್ನೊಂದು ಮಕ್ಕಳನ್ನು ಅವಳು ಹೊರಗಿನಿಂದಲೇ ಒತ್ತಿ ತಿರುಗಿಸಿ ಭೂಮಿಗೆ ಇಳಿಸಿದ್ದಳು. ಇಬ್ಬರಿಗೂ ಇದ್ದವಳು ಒಬ್ಬಳೇ ಮಗಳು. ಅವಳನ್ನು ಕಣಿವೆಯ ಆಚೆ ದಿಬ್ಬದ ಮನೆಗೆ ಕೊಟ್ಟಿದ್ದರು. ನಡುವೆ ಒಂದು ಹೊಳೆ. ಓಡಿದರೆ ಎರಡು ತಾಸಿನ ದಾರಿ, ನಡೆದರೆ ನಾಲ್ಕು ತಾಸು.

ಆ ನಾಡಿನಲ್ಲಿ ಒಂದು ಕಟ್ಟಳೆ ಇತ್ತು, ಅದನ್ನು ಸರಿಯಾಗಿ ಕೇಳಿಸಿಕೋ. ಹೆರಿಗೆಯಾಗಿ ತಾಯಿ ಮಗು ಕ್ಷೇಮವಾಗಿದ್ದರೆ ಆ ಮನೆಯವರು ಅಂಗಳದಲ್ಲಿ ನಿಂತು ಕೋವಿಯಿಂದ ಆಕಾಶಕ್ಕೆ ಒಂದು ಈಡು ಹೊಡೆಯಬೇಕು. ಹೆರಿಗೆ ಕಷ್ಟವಾಗಿ ಕೈಮೀರುತ್ತಿದ್ದರೆ ಬೆನ್ನು ಬೆನ್ನಿಗೆ ಎರಡು ಈಡು ಹೊಡೆಯಬೇಕು. ಒಂದು ಕೇಳಿದರೆ ಸಂತೋಷ, ಎರಡು ಕೇಳಿದರೆ ಸೂಲಗಿತ್ತಿ ಓಡಬೇಕು. ಎರಡರಲ್ಲಿ ಒಂದು ಹುಸಿಹೋದರೆ ಏನು ಗತಿ ಎಂದು ಆ ಕಣಿವೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಯೋಚಿಸುವ ಸಂದರ್ಭವನ್ನು ಆ ಮನೆಯ ತೋಟೆಗಳು ತಂದೇ ಇರಲಿಲ್ಲ.

ಹೀಗಿರುವಾಗ ತೋಟೆ ತುಂಬುವವನ ಕಣ್ಣು ಸ್ವಲ್ಪ ಮಂಜಾಯಿತು. ಬಾಯಿ ನೋಡುವ ಕೆಲಸ ಬೇಸರವಾಯಿತು. ಪೇಟೆಯಲ್ಲಿ ತೋಟೆ ತುಂಬುವ ಯಂತ್ರ ಬಂದಿದೆ ಎಂಬ ಸುದ್ದಿಯೂ ಕಿವಿಗೆ ಬಿತ್ತು. ಅವನು ಬುತ್ತಿ ಕಟ್ಟಿಕೊಂಡು ಹೊರಟ.

ಆರಿಸುವುದೆಂದರೆ ಅವನು ಆರಿಸಿದ ಹಾಗೆ ಆರಿಸಬೇಕು, ಅಡವೀಶ. ನೀನು ಏಳು ಅಂಗಡಿ ನೋಡಿದೆ; ಅಲ್ಲಿ ಇದ್ದದ್ದೇ ಮೂರು, ಅವನು ಒಂದೊಂದಕ್ಕೂ ಮೂರು ಮೂರು ಸಲ ಹೋದ. ಮೊದಲನೆಯ ಅಂಗಡಿಯ ಯಂತ್ರ ತಗಡಿನದು. ಬೆಲೆ ಕೇಳಿದರೆ ಪುಕ್ಕಟೆಯೆನ್ನಬೇಕು. ಆದರೆ ಹಿಡಿ ಎಳೆದರೆ ಮೈಯೆಲ್ಲ ನಡುಗುತ್ತಿತ್ತು. ಎರಡನೆಯ ಅಂಗಡಿಯದಕ್ಕೆ ಬಣ್ಣ, ಹೂಬಳ್ಳಿ, ಹೊಳಪು. ಬೆಲೆಯೂ ಹಾಗೆಯೇ ಹೊಳೆಯುತ್ತಿತ್ತು. ಅವನು ಅದನ್ನು ಬಿಚ್ಚಿಸಿ ನೋಡಿದ. ಒಳಗೆ ಮೊದಲನೆಯ ಅಂಗಡಿಯ ತಗಡೇ ಇತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಂಗಡಿಯವನಿಗೆ ಹೇಳಿಯೇ ಹೊರಬಿದ್ದ.

ಮೂರನೆಯ ಅಂಗಡಿಯಲ್ಲಿ ಒಬ್ಬ ಮುದುಕ ಇದ್ದ. ಅವನ ಹತ್ತಿರ ಎರಕದ ಕಬ್ಬಿಣದ ಒಂದು ಯಂತ್ರ. ಮೇಲೆ ಮದ್ದಿನ ಡಬ್ಬ, ಕೆಳಗೆ ಒಂದು ಕೊಳವೆ, ಪಕ್ಕಕ್ಕೆ ಒಂದು ಹಿಡಿ. ಹಿಡಿ ಒಮ್ಮೆ ಎಳೆದರೆ ಒಂದು ತೋಟೆಯ ಮದ್ದು ಕೊಳವೆಯಿಂದ ಇಳಿಯುತ್ತಿತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ನಂಬಲಿಲ್ಲ. ಯಂತ್ರವನ್ನು ಪಕ್ಕದ ಅಕ್ಕಸಾಲಿಯ ಅಂಗಡಿಗೆ ಹೊರಿಸಿದ. ಮುದುಕ ಹಿಡಿಯನ್ನು ಒಮ್ಮೆ ಎಳೆದು, ಆ ಎಳೆತವನ್ನು ಬದಿಗೆ ಬಿಟ್ಟು, ಆಮೇಲೆ ಹತ್ತು ಸಲ ಎಳೆದ. ಹತ್ತನ್ನೂ ಅಕ್ಕಸಾಲಿ ಚಿನ್ನದ ತಕ್ಕಡಿಯಲ್ಲಿ ತೂಗಿದ. ಹತ್ತೂ ಒಂದೇ ತೂಕ. ಅಕ್ಕಸಾಲಿಯೇ ಬೆರಗಾದ.

ಮೊದಲ ಎಳೆತವನ್ನು ಲೆಕ್ಕಕ್ಕೆ ಹಿಡಿಯಬೇಡ, ಅಷ್ಟು ಹೊತ್ತಿಗೆ ಕೊಳವೆ ತುಂಬಿರುವುದಿಲ್ಲ ಎಂದು ಮುದುಕ ಹೇಳಿದ. ಅವನು ಹೂಂ ಎಂದ. ಅವನ ಮನಸ್ಸು ಆಗ ಬೆಲೆಯ ಮೇಲಿತ್ತು. ಯಂತ್ರ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದ. ಕಬ್ಬಿಣ ಯಾವ ಊರಿನದು ಎಂದು ಕೇಳಿದ. ತಿರುಪು ಹೋದರೆ ಸಿಗುತ್ತದೆಯೇ, ತುಕ್ಕು ಹಿಡಿದರೆ ಏನು ಮಾಡಬೇಕು ಎಂದು ಕೇಳಿದ. ಎರಡು ಎಮ್ಮೆಯ ಬೆಲೆ ಹೇಳಿದ್ದ ಮುದುಕನನ್ನು ಒಂದೂವರೆ ಎಮ್ಮೆಗೆ ಇಳಿಸಿ, ಎಣ್ಣೆಯ ಬುಡ್ಡಿಯೊಂದನ್ನು ಮೇಲೆ ಹಾಕಿಸಿಕೊಂಡು ಮನೆಗೆ ಬಂದ. ಕೇಳಬೇಕಾದದ್ದನ್ನೆಲ್ಲ ಕೇಳಿದ್ದೇನೆ ಎಂದು ಅವನಿಗೆ ಅನ್ನಿಸಿತ್ತು. ಅವನು ಮೋಸಹೋಗಲಿಲ್ಲ. ಅದನ್ನು ನೆನಪಿಟ್ಟುಕೋ. ಅವನು ಕೊಂಡದ್ದು ನಿಜವಾಗಿಯೂ ಒಳ್ಳೆಯ ಯಂತ್ರ, ಕೊಟ್ಟದ್ದು ನ್ಯಾಯವಾದ ಬೆಲೆ.

ಅಷ್ಟರಲ್ಲಿ ಮಗಳು ಎರಡನೆಯ ಬಸಿರಿನಲ್ಲಿ ಎಂಟು ತಿಂಗಳು ದಾಟಿದ್ದಳು. ಮೊದಲನೆಯದು ತವರಿನಲ್ಲೇ ಆಗಿತ್ತು. ಈ ಸಲ ಅವಳ ಅತ್ತೆ ಹಾಸಿಗೆ ಹಿಡಿದಿದ್ದರಿಂದ ಮನೆ ಬಿಟ್ಟು ಬರುವ ಹಾಗಿರಲಿಲ್ಲ. ದಿನ ಹತ್ತಿರವಾದ ಮೇಲೆ ತಾನೇ ಹೋಗಿ ಉಳಿಯುತ್ತೇನೆ ಎಂದು ತಾಯಿ ಹೇಳಿಕಳಿಸಿದ್ದಳು. ಇನ್ನೂ ಹದಿನೈದು ದಿನ ಇದೆ ಎಂದು ಅವಳ ಲೆಕ್ಕ. ಆದರೂ ಹುಷಾರಿಗೆ ಇರಲಿ, ಅಳಿಯನ ಕೈಗೆ ಎರಡು ತೋಟೆ ಕೊಟ್ಟುಕಳಿಸಿ ಎಂದು ಗಂಡನಿಗೆ ಹೇಳಿದಳು.

ಅವನಿಗೆ ಅದೇ ಬೇಕಾಗಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಅವನು ಯಂತ್ರವನ್ನು ತೊಳೆದು ಒರೆಸಿ, ಕುಂಕುಮ ಇಟ್ಟು, ಹೂವು ಏರಿಸಿ, ಡಬ್ಬಕ್ಕೆ ಮದ್ದು ಸುರಿದ. ಆ ನಾಡಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಹೊಸದು ಏನು ಬಂದರೂ ಮೊದಲನೆಯದು ಕೊಟ್ಟ ಹೆಣ್ಣುಮಗಳಿಗೆ ಮೀಸಲು. ಹೊಸ ಗೂಡಿನ ಮೊದಲ ಜೇನು, ಹೊಸ ಹಸುವಿನ ಮೊದಲ ಬೆಣ್ಣೆ, ಎಲ್ಲ ಅವಳಿಗೆ. ಅವನು ಹಿಡಿ ಎಳೆದ, ಒಂದು ತೋಟೆ. ಮತ್ತೆ ಎಳೆದ, ಇನ್ನೊಂದು ತೋಟೆ. ಎರಡಕ್ಕೂ ಬಿರಡೆ ಒತ್ತಿ, ಹಳದಿ ಬಟ್ಟೆಯಲ್ಲಿ ಸುತ್ತಿ, ಮಗಳಿಗೆಂದು ಎತ್ತಿಟ್ಟ. ಆಮೇಲೆ ಊರಿನವರ ತೊಂಬತ್ತೆಂಟು ತೋಟೆ ತುಂಬಿದ. ಮೂರು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಹಳದಿ ಬಟ್ಟೆಯ ಗಂಟನ್ನು ಅಳಿಯನಿಗೆ ಕೊಡುವಾಗ ಹೆಂಡತಿ ಕೇಳಿದಳು:

"ಇದರ ಬಾಯಿ ನೋಡಿದ್ರಾ?"

"ನೋಡೋ ಕೆಲಸ ಇರಬಾರ್ದು ಅಂತ್ಲೇ ಕಣೇ ಇದನ್ನ ತಂದಿದ್ದು."

ಚಿನ್ನದ ತಕ್ಕಡಿಯಲ್ಲಿ ತೂಗಿಸಿ ತಂದವನಿಗೆ ಏನೆಂದು ಹೇಳುವುದು? ಅಳಿಯ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು ಹೊಳೆ ದಾಟಿ ಹೋದ.

ನಾಲ್ಕನೆಯ ದಿನ ಬೆಳಿಗ್ಗೆ, ಗಂಜಿ ಕುಡಿಯುವ ಹೊತ್ತಿಗೆ, ಆಚೆ ದಿಬ್ಬದಿಂದ ಒಂದು ಈಡು ಕೇಳಿಸಿತು.

ಹೆಂಡತಿ ಒದ್ದೆ ಕೈಯಲ್ಲೇ ಅಂಗಳಕ್ಕೆ ಬಂದಳು. ದಿನ ತುಂಬಿರಲಿಲ್ಲ. ಅವಳು ಉಸಿರು ಹಿಡಿದು ಎರಡನೆಯದಕ್ಕೆ ಕಿವಿಗೊಟ್ಟು ನಿಂತಳು. ಕಣಿವೆ ಸುಮ್ಮನಿತ್ತು. ಇನ್ನೂ ಸ್ವಲ್ಪ ಹೊತ್ತು ನಿಂತಳು. ಎರಡನೆಯದು ಬರಲಿಲ್ಲ. ಅವಳು ಅಲ್ಲೇ ಜಗಲಿಯ ಮೇಲೆ ಕೂತು ಕಣ್ಣು ಒರೆಸಿಕೊಂಡಳು. ಇಷ್ಟು ಬೇಗ, ಇಷ್ಟು ಸುಲಭವಾಗಿ ಆಗಿಹೋಯಿತಲ್ಲ ಎಂದು ಅವಳಿಗೆ ಸಂತೋಷವೂ ಆಯಿತು, ಸೋಜಿಗವೂ ಆಯಿತು. ತೋಟೆ ತುಂಬುವವನಂತೂ ಅಕ್ಕಪಕ್ಕದವರನ್ನು ಕೂಗಿ ಕರೆದ. ನನ್ನ ಹೊಸ ಯಂತ್ರದ ಮೊದಲ ತೋಟೆ ಎಂಥ ಸುದ್ದಿ ತಂದಿತು ನೋಡಿ ಎಂದ.

ಅವಳು ಆಗಲೇ ಹೊರಡಲು ಎದ್ದಳು. ಅವನು ಬಿಡಲಿಲ್ಲ. ಬಾಣಂತಿಯ ಮನೆಗೆ ಬರಿಗೈಯಲ್ಲಿ ಹೋಗುವುದೇ, ಸ್ನಾನವಾಗಲಿ, ಸಿಹಿಯಾಗಲಿ, ನಾಲ್ಕು ಜನ ಸೇರಲಿ ಎಂದ. ಒಲೆಯ ಮೇಲೆ ಬೆಲ್ಲದ ಪಾಕ ಏರಿತು.

ಒಂದು ತಾಸು ಕಳೆಯಿತು. ಪಾಕ ಎಳೆ ಬರುತ್ತಿರುವಾಗ ಆಚೆ ದಿಬ್ಬದಿಂದ ಮತ್ತೊಂದು ಈಡು ಕೇಳಿಸಿತು. ಒಂದೇ ಒಂದು.

ಅಂಗಳದಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ತೋಟೆ ತುಂಬುವವನು ತೊಡೆ ತಟ್ಟಿ ನಕ್ಕುಬಿಟ್ಟ. ಅವಳಿ ಮಕ್ಕಳು ಎಂದ. ಜನ ಹೋ ಎಂದು ಕೂಗಿದರು. ಅವನ ಹೆಂಡತಿ ಮಾತ್ರ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಒಂದು ತಾಸಿನ ಅಂತರದಲ್ಲಿ ಅವಳಿ ಹುಟ್ಟುವುದುಂಟು, ಅಂಥ ಹೆರಿಗೆಯನ್ನು ಅವಳೇ ಮಾಡಿಸಿದ್ದಳು. ಆದರೆ ಮೊನ್ನೆ ಮೊನ್ನೆ ದಿಬ್ಬಕ್ಕೆ ಹೋಗಿ ಮಗಳ ಹೊಟ್ಟೆ ಮುಟ್ಟಿ ನೋಡಿದವಳೂ ಅವಳೇ. ಒಳಗೆ ಇದ್ದದ್ದು ಒಂದೇ ತಲೆ.

ನಾನು ಈಗಲೇ ಹೋಗುತ್ತೇನೆ ಎಂದಳು. ಅವನು ಬಾಗಿಲಿಗೆ ಅಡ್ಡ ನಿಂತು ತಮಾಷೆ ಮಾಡಿದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದ. ಒಂದು ಮಗುವಿಗೆ ಎತ್ತಿಟ್ಟ ಬಟ್ಟೆಯಲ್ಲಿ ಎರಡು ಮಗುವನ್ನು ಹೇಗೆ ಸುತ್ತುತ್ತೀ ಎಂದ. ಅವಳು ತಾನೇ ಮುಟ್ಟಿ ನೋಡಿದ ಮಗಳ ಹೊಟ್ಟೆಯನ್ನು ನಂಬಬೇಕೋ, ಗಂಡನ ನಗುವನ್ನು ನಂಬಬೇಕೋ ತಿಳಿಯದೆ ನಿಂತಳು. ಕೊನೆಗೆ ಒಳಗೆ ಹೋಗಿ ತನ್ನ ಮೆತ್ತನೆಯ ಹಳೆ ಸೀರೆಯೊಂದನ್ನು ಹರಿದು ಇನ್ನೊಂದು ಬಟ್ಟೆ ಮಾಡಿದಳು. ಆ ಸೀರೆ ಹರಿಯುವುದರಲ್ಲಿ, ಉಂಡೆ ಕಟ್ಟುವುದರಲ್ಲಿ, ಹೂವು ಮುಡಿಯುವುದರಲ್ಲಿ ಇನ್ನೂ ಒಂದು ತಾಸು ಹೋಯಿತು. ನಾನು ಈ ಕತೆಯನ್ನು ಎಷ್ಟೋ ಸಲ ಹೇಳಿದ್ದೇನೆ, ಅಡವೀಶ. ಈ ಒಂದು ತಾಸನ್ನು ಹೇಳುವಾಗ ಪ್ರತಿ ಸಲವೂ ನನಗೆ ಕೋಪ ಬರುತ್ತದೆ.

ಅವರು ಹೊರಟರು. ಮುಂದೆ ತೋಟೆ ತುಂಬುವವನು, ತಲೆಯ ಮೇಲೆ ಉಂಡೆಯ ಬುಟ್ಟಿ. ಹಿಂದೆ ಹೆಂಡತಿ, ಅವಳ ಹಿಂದೆ ಆರೇಳು ಜನ. ಹೊಳೆಯ ಹತ್ತಿರ ಬರುವಾಗ ಎದುರಿನ ಇಳಿಜಾರಿನಲ್ಲಿ ಒಬ್ಬ ಬೀಳುತ್ತಾ ಏಳುತ್ತಾ ಓಡಿ ಬರುವುದು ಕಂಡಿತು. ಅಳಿಯ. ತಲೆಗೆ ರುಮಾಲಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಅವನು ಹೊಳೆಯ ನಡುವೆ ನಿಂತು ಬುಟ್ಟಿಯನ್ನು ನೋಡಿದ, ಹೂವು ನೋಡಿದ, ಎರಡು ಬಟ್ಟೆಗಳನ್ನು ನೋಡಿದ.

"ಎರಡು ಹೊಡೆದೆ ಮಾವ," ಎಂದ. "ಒಂದೇ ಹೋಯ್ತು."

ಬುಟ್ಟಿ ನೀರಿಗೆ ಬಿತ್ತು. ಯಾರೂ ಅದನ್ನು ಹಿಡಿಯಲಿಲ್ಲ. ಅಲ್ಲಿದ್ದ ಹೆಂಗಸರಲ್ಲೆಲ್ಲ ಹೆಚ್ಚು ವಯಸ್ಸಾದವಳು ಸೂಲಗಿತ್ತಿ. ಅವಳು ಆಗಲೇ ಹೊಳೆ ದಾಟಿ ಓಡುತ್ತಿದ್ದಳು.

ಆಚೆ ಮನೆಯಲ್ಲಿ ಆದದ್ದು ಇಷ್ಟು. ಬೆಳಗಿನ ಜಾವಕ್ಕೆ ನೋವು ಶುರುವಾಯಿತು. ಮಗು ಅಡ್ಡ ಸಿಕ್ಕಿತ್ತು. ಅಳಿಯ ಕೋವಿ ತಂದು ಹಳದಿ ಗಂಟು ಬಿಚ್ಚಿ ಒಂದು ತೋಟೆ ಹೊಡೆದ. ಒಂಟಿ ನಳಿಗೆಯ ಕೋವಿ. ಎರಡನೆಯದನ್ನು ಹಾಕಿ ಕೋವಿಯ ಕುದುರೆ ಎಳೆದ. ಬರಿಯ ಕೇಪು ಸಿಡಿದ ಸಣ್ಣ ಸದ್ದು. ಒಳಗೆ ಮದ್ದೇ ಇರಲಿಲ್ಲ. ಕೇಪಿನ ಬಿಸಿಗೆ ಬಿರಡೆ ಮಾತ್ರ ಹೊರಟು ನಳಿಗೆಯ ನಡುವೆ ಕಚ್ಚಿಕೊಂಡಿತು. ಇನ್ನೊಂದು ತೋಟೆ ಹಾಕಿ ಹೊಡೆದರೆ ಕೋವಿಯೇ ಒಡೆಯುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ, ನಡೆಯಲು ಕಲಿಯುತ್ತಿರುವ ಕೂಸು, ನರಳುವ ಹೆಂಡತಿ. ಅವರನ್ನು ಬಿಟ್ಟು ಹೊಳೆಯಾಚೆ ಓಡಲು ಅವನಿಗೆ ಧೈರ್ಯ ಸಾಲಲಿಲ್ಲ.

ಅವನು ದಿಬ್ಬದ ಇನ್ನೊಂದು ತುದಿಯ ಮನೆಗೆ ಓಡಿದ. ಅಲ್ಲಿನ ಹೆಂಗಸನ್ನು ಕರೆತಂದು ಹೆಂಡತಿಯ ಹತ್ತಿರ ಕೂರಿಸಿದ, ಅಲ್ಲಿನ ಕೋವಿಯನ್ನೂ ತಂದ. ಆ ಮನೆಯಲ್ಲಿ ಉಳಿದಿದ್ದದ್ದು ಒಂದೇ ತೋಟೆ. ಇಷ್ಟು ತಡವಾಗಿ ಇನ್ನೊಂದು ಈಡು ಕೇಳಿದರೆ ಏನೋ ಎಡವಟ್ಟಾಗಿದೆ ಎಂದು ಅವರಿಗೆ ತಿಳಿಯದೇ ಹೋಗುತ್ತದೆಯೇ ಎಂದು ಅದನ್ನು ಹೊಡೆದ. ಅತ್ತೆ ಓಡಿ ಬರುತ್ತಾಳೆ ಎಂದು ಕಾದ. ಎರಡು ತಾಸು ಅಂಗಳದಲ್ಲೇ ನಿಂತು ದಾರಿ ನೋಡಿದ. ಯಾರೂ ಕಾಣದಿದ್ದಾಗ ತಾನೇ ಓಡಿದ.

ಸೂಲಗಿತ್ತಿ ಮನೆ ಹೊಕ್ಕಾಗ ಮಗಳ ಮೈ ಇನ್ನೂ ಬಿಸಿಯಿತ್ತು. ಉಸಿರು ಇರಲಿಲ್ಲ. ತಾಯಿ ಮಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ತುಂಬ ಹೊತ್ತು ಕೂತಳು. ಒಳಗಿನ ಜೀವವೂ ಹೋಗಿತ್ತು. ಹನ್ನೊಂದು ಮಕ್ಕಳನ್ನು ತಿರುಗಿಸಿದ ಕೈ ಅದು. ಮೊದಲ ಈಡಿಗೇ ಓಡಿ ಬಂದಿದ್ದರೆ ಹನ್ನೆರಡನೆಯದನ್ನೂ ತಿರುಗಿಸುತ್ತಿತ್ತು. ಎರಡನೆಯ ಈಡಿಗೆ ಓಡಿ ಬಂದಿದ್ದರೂ ತಿರುಗಿಸುತ್ತಿತ್ತು. ಬಾಗಿಲಲ್ಲಿ ನಿಂತ ತೋಟೆ ತುಂಬುವವನಿಗೆ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಮಣ್ಣು ಮಾಡಿ ಬಂದ ಮೇಲೆ ಅವನು ಕೊಡಲಿ ತೆಗೆದುಕೊಂಡು ಯಂತ್ರದ ಮುಂದೆ ನಿಂತ. ಹೆಂಡತಿ ಕೊಡಲಿಯನ್ನು ಕಿತ್ತುಕೊಂಡಳು. ಊರಿನವರ ತೊಂಬತ್ತೆಂಟು ತೋಟೆ ಇನ್ನೂ ಮನೆಯಲ್ಲೇ ಇವೆ, ಮೊದಲು ಅವನ್ನು ಬಿಚ್ಚಿ ನೋಡೋಣ, ಇನ್ನೊಂದು ಮನೆಯಲ್ಲಿ ಹೀಗಾಗುವುದು ಬೇಡ ಎಂದಳು. ಇಬ್ಬರೂ ಕೂತು ಒಂದೊಂದೇ ಬಿರಡೆ ಕಿತ್ತರು. ಹತ್ತು ಬಿಚ್ಚಿದರು, ಹತ್ತೂ ತುಂಬಿತ್ತು. ಐವತ್ತು ಬಿಚ್ಚಿದರು, ಐವತ್ತೂ ತುಂಬಿತ್ತು. ಒಂದರಲ್ಲಾದರೂ ತಪ್ಪು ಸಿಗಲಿ ಎಂದು ಅವನು ಬೇಡಿಕೊಳ್ಳುತ್ತಾ ಬಿಚ್ಚಿದ. ತಪ್ಪು ಸಿಕ್ಕಿದ್ದರೆ ಬೈಯಲು ಯಂತ್ರವಿತ್ತು, ಅಂಗಡಿಯ ಮುದುಕನಿದ್ದ. ತೊಂಬತ್ತೆಂಟರಲ್ಲಿಯೂ ಮದ್ದು ಒಂದೇ ಸಮನಾಗಿತ್ತು. ಒಂದು ಕಾಳೂ ಹೆಚ್ಚುಕಡಿಮೆ ಇರಲಿಲ್ಲ.

ಅವನು ಯಂತ್ರದ ಡಬ್ಬವನ್ನು ಬರಿದು ಮಾಡಿದ. ಕೊಳವೆಯನ್ನು ಊದಿ ಒರೆಸಿದ. ಮತ್ತೆ ಮದ್ದು ಸುರಿದು, ಕೆಳಗೆ ಒಂದು ತೋಟೆ ಇಟ್ಟು ಹಿಡಿ ಎಳೆದ. ತೋಟೆಯನ್ನು ಕಿಟಕಿಯ ಬೆಳಕಿಗೆ ಓರೆಮಾಡಿ, ಮೂವತ್ತು ವರ್ಷ ಮಾಡಿದ ಹಾಗೆ, ಬಾಯೊಳಗೆ ನೋಡಿದ. ಖಾಲಿ. ಎರಡನೆಯ ತೋಟೆ ಇಟ್ಟು ಎಳೆದ. ಅದು ತುಂಬಿತ್ತು. ಮೊದಲ ಎಳೆತದ ಮದ್ದು ಕೊಳವೆಯ ಹೊಟ್ಟೆಗೇ ಸಾಲುತ್ತಿತ್ತು. ಆಗ ಅವನಿಗೆ ಮುದುಕನ ಮಾತು ನೆನಪಾಯಿತು. ನೂರು ತೋಟೆಯಲ್ಲಿ ಖಾಲಿ ಇದ್ದದ್ದು ಒಂದೇ. ಅದನ್ನು ಅವನು ಪ್ರೀತಿಯಿಂದ, ಮೀಸಲೆಂದು, ಹಳದಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದ. ಪರರಿಗೆಂದು ತುಂಬಿದ ತೊಂಬತ್ತೆಂಟೂ ಸರಿಯಾಗಿದ್ದವು.

ಗುರುಗಳು ಇಲ್ಲಿ ನಿಲ್ಲಿಸಿ ಸ್ವಲ್ಪ ನೀರು ಕುಡಿದರು. ಆ ಯಂತ್ರ ಏನಾಯಿತು ಎಂದು ಅಡವೀಶ ಮೆಲ್ಲಗೆ ಕೇಳಿದ.

ಯಂತ್ರ ಅಲ್ಲೇ ಇದೆ ಎಂದರು ಗುರುಗಳು. ಅಷ್ಟು ಒಳ್ಳೆಯ ವಸ್ತುವನ್ನು ಯಾರಾದರೂ ಬಿಸಾಡುತ್ತಾರೆಯೇ? ಅವನು ಈಗಲೂ ಅದರಲ್ಲೇ ತುಂಬುತ್ತಾನೆ. ಮೊದಲ ಸಲ ತೋಟೆ ಇಡದೆ ಬರಿದೆ ಎಳೆಯುತ್ತಾನೆ. ಉಳಿದವನ್ನು ಸಾಲಾಗಿ ನಿಲ್ಲಿಸಿ ಒಂದೊಂದರ ಬಾಯಿ ನೋಡುತ್ತಾನೆ. ಕಣ್ಣು ಇನ್ನಷ್ಟು ಮಂಜಾಗಿರುವುದರಿಂದ ಅವನು ನೋಡಿದ್ದನ್ನು ಹೆಂಡತಿಯೂ ನೋಡುತ್ತಾಳೆ. ಆ ಕಣಿವೆಯಲ್ಲಿ ಈಗ ಹೆರಿಗೆ ಸುಸೂತ್ರವಾದರೆ ಯಾರೂ ಈಡು ಹೊಡೆಯುವುದಿಲ್ಲ. ಒಂದು ಸದ್ದು ಕೇಳಿದರೂ ಸಾಕು, ಆ ಮುದುಕಿ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತಾಳೆ.

ಅಡವೀಶ ತಲೆ ತಗ್ಗಿಸಿ ಕೂತ. ಮನಸ್ಸಿಗೆ ತುಂಬ ನೋವಾಯಿತು ಎಂದ. ಆದರೂ ಅವನಲ್ಲಿ ಒಂದು ಮಾತು ಉಳಿದಿತ್ತು. ಆ ತೋಟೆ ತುಂಬುವವನ ಯಂತ್ರಕ್ಕೂ ತನ್ನ ತಕ್ಕಡಿಗೂ ಹೋಲಿಕೆ ಸಲ್ಲದು, ತಕ್ಕಡಿಗೆ ಕೊಳವೆಯೂ ಇಲ್ಲ, ಮೊದಲ ಎಳೆತವೂ ಇಲ್ಲ, ತಾನು ತಂದದ್ದು ಏಳು ಅಂಗಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು ಎಂದು ವಿನಯದಿಂದಲೇ ಹೇಳಿದ.

ಗುರುಗಳು ಅದಕ್ಕೆ ವಾದ ಮಾಡಲಿಲ್ಲ. ಅಲ್ಲಿಯವರೆಗೂ ಅಂಗೈಯಲ್ಲಿ ಹಿಡಿದುಕೊಂಡಿದ್ದ ಪೊಟ್ಟಣವನ್ನು ಬಿಚ್ಚಿದರು. ಬೂದು ಬಣ್ಣದ ಪುಡಿ ಎಲೆಯ ಮೇಲೆ ಇತ್ತು. ಎಡಗೈಯಲ್ಲಿ ನೀರಿನ ತಂಬಿಗೆ ಎತ್ತಿಕೊಂಡು, ಬಲಗೈಯಲ್ಲಿ ಎಲೆಯನ್ನು ಬಾಯಿಯ ಹತ್ತಿರ ತಂದು, ಶಿಷ್ಯನ ಕಣ್ಣನ್ನೇ ನೋಡಿದರು.

"ಹೊಸ ತಕ್ಕಡಿಯ ಮೊದಲ ಪೊಟ್ಟಣ, ನನಗೆಂದೇ ಮೀಸಲಿಟ್ಟದ್ದು, ಹೇಳು ಅಡವೀಶ, ತಿನ್ನಲೇ?"